ಅಕ್ಷರಗುಂಡಿನ ಕಿರುಮಾತುಗಳು

ಮೊಳಕಾಲ್ಮೂರು ತಾಲ್ಲೂಕಿನ ಸಿದ್ದಾಪುರದ ಹತ್ತಿರ, ಬ್ರಹ್ಮಗಿರಿಯ ತಪ್ಪಲಿನಲ್ಲಿ, ಒಂದು ಹಾಸುಬಂಡೆಯಿದೆ. ಸುತ್ತಣ ಹಳ್ಳಿಯವರು ಅದನ್ನು ಅಕ್ಷರಗುಂಡು ಎಂದು ಕರೆಯುತ್ತಿದ್ದರು. ಅದರ ಮೇಲಿರುವುದು ಯಾರ ಅಕ್ಷರ, ಯಾವ ಕಾಲದ್ದು ಎಂಬುದನ್ನು ಹೇಳುವವರು ಮಾತ್ರ ಬಹುಕಾಲ ಇರಲಿಲ್ಲ. 1892ರಲ್ಲಿ ಮೈಸೂರು ಸಂಸ್ಥಾನದ ಶಾಸನಗಳ ಕೆಲಸ ನೋಡುತ್ತಿದ್ದ ಬಿ. ಎಲ್. ರೈಸ್ ಅವರು ಇದನ್ನೂ, ಇದರ ನೆರೆಯ ಸಿದ್ದಾಪುರ ಮತ್ತು ಜಟಿಂಗ ರಾಮೇಶ್ವರದ ಬಂಡೆಗಳನ್ನೂ ಲೋಕದ ಕಣ್ಣಿಗೆ ತಂದರು. ದೇವಾನಾಂಪ್ರಿಯನ ಆಜ್ಞೆ ಇಷ್ಟು ದಕ್ಷಿಣದಲ್ಲಿ ಕಾಣಿಸಿಕೊಂಡದ್ದು ಅದೇ ಮೊದಲು. ಕನ್ನಡನಾಡಿನಲ್ಲಿ ಇಂದಿಗೂ ಉಳಿದು ಬಂದಿರುವ ಅತಿ ಹಳೆಯ ಬರವಣಿಗೆಯ ಸಾಲಿಗೆ ಸೇರಿದ್ದು ಇದು.

ಈ ಶಾಸನದ ಮೇಲೆ ನೂರಮೂವತ್ತು ವರ್ಷಗಳಲ್ಲಿ ಬೆಳೆದಿರುವ ಚರ್ಚೆ ಸಾಮಾನ್ಯವಾದುದಲ್ಲ. ಸುವರ್ಣಗಿರಿ ಯಾವುದು, ಇಸಿಲವೆಂಬ ಊರು ಎಲ್ಲಿತ್ತು, ಕೊನೆಗೆ ಬರುವ 256 ಎಂಬ ಸಂಖ್ಯೆ ಏನನ್ನು ಎಣಿಸುತ್ತದೆ ಎಂದು ದೊಡ್ಡ ದೊಡ್ಡ ವಿದ್ವಾಂಸರು ವಾದಿಸಿದ್ದಾರೆ. ಆ 256 ಬುದ್ಧನ ನಿರ್ವಾಣದಿಂದ ಕಳೆದ ವರ್ಷಗಳೆಂದು ಜರ್ಮನ್ ಪಂಡಿತ ಬ್ಯೂಲರ್ ನಂಬಿದ್ದರು. ಅರಸನು ಯಾತ್ರೆಯಲ್ಲಿ ಕಳೆದ ಇರುಳುಗಳ ಲೆಕ್ಕವೆಂದು ಈಗಿನ ವಿದ್ವಾಂಸರು ಹೇಳುತ್ತಾರೆ. ಇಸಿಲ ಎಂಬುದು ಕನ್ನಡ ಶಬ್ದವಿರಬಹುದೆಂದು ಡಿ. ಎಲ್. ನರಸಿಂಹಾಚಾರ್ಯರು ಸೂಚಿಸಿದ ಮೇಲಂತೂ ನಮ್ಮವರಿಗೆ ಈ ಬಂಡೆಯಲ್ಲಿ ಮಮತೆ ಹೆಚ್ಚಿತು. ನಾನು ಬರೆಯಹೊರಟಿರುವುದು ಇವುಗಳಲ್ಲಿ ಯಾವುದನ್ನೂ ಕುರಿತಲ್ಲ. ಊರು ಹೆಸರು ಸಂಖ್ಯೆಗಳ ಸಂದಿನಲ್ಲಿ ಸದ್ದಿಲ್ಲದೆ ಕುಳಿತಿರುವ 'ತು', 'ಖೋ', 'ಏವ', 'ಪಿ' ಎಂಬ ಒಂದಕ್ಷರ, ಎರಡಕ್ಷರದ ಮಾತುಗಳನ್ನು ಕುರಿತು. ವೈಯಾಕರಣರು ಇವನ್ನು ನಿಪಾತವೆಂದೂ ಅವ್ಯಯವೆಂದೂ ಕರೆದಿದ್ದಾರೆ. ಸಲಿಗೆಯಿಂದ ಕಿರುಮಾತು ಎಂದರೂ ತಪ್ಪಿಲ್ಲ.

ಕಿರುಮಾತು ಮಾಡುವ ಕೆಲಸವೇನೆಂದು ತಿಳಿಯಲು ಅಶೋಕನವರೆಗೆ ಹೋಗಬೇಕಾದುದಿಲ್ಲ. ಚಳ್ಳಕೆರೆಯ ಶೇಂಗಾ ಮಂಡಿಯ ಬಾಗಿಲಲ್ಲಿ ಅರ್ಧಗಂಟೆ ನಿಂತರೆ ಸಾಕು. ಮಳೆ ಕಡಿಮೆಯಾದ ಸೀಮೆ. ಮಾತು ಎಲ್ಲಿ ಮೊದಲಾದರೂ ಮಳೆಗೆ ಬಂದು ನಿಲ್ಲುತ್ತದೆ. ಪರಶುರಾಂಪುರದ ಕಡೆ ಮಳೆ ಬಂತು ಎಂಬ ಒಂದೇ ಸುದ್ದಿಯನ್ನು ಐದು ಜನ ಐದು ಬಗೆಯಲ್ಲಿ ಹೇಳುವುದನ್ನು ಕೇಳಬಹುದು. 'ಮಳೆ ಬಂತಂತೆ' ಎಂದವನು ತಾನು ಕಂಡಿಲ್ಲ, ಯಾರೋ ಹೇಳಿದ್ದು, ಸುಳ್ಳಾದರೆ ತನ್ನನ್ನು ಹಿಡಿಯಬೇಡಿ ಎಂದು ಮೊದಲೇ ಬೇಲಿ ಹಾಕಿಕೊಂಡ. 'ಮಳೆ ಬಂತಲ್ಲ' ಎಂದವನಿಗೆ ಅದು ಸುದ್ದಿಯೇ ಅಲ್ಲ. ನಿನಗೂ ಗೊತ್ತು, ನನಗೂ ಗೊತ್ತು, ಇನ್ನು ಮುಂದಿನ ಮಾತಾಡೋಣ ಎಂಬುದು ಅವನ ಭಾವ. 'ಮಳೆ ಬಂತು ತಾನೆ?' ಎಂದವನು ಬಂದಿದೆಯೆಂದು ನಂಬಿದ್ದಾನೆ, ಆದರೆ ಅವನಿಗಿಂತ ಚೆನ್ನಾಗಿ ಬಲ್ಲವನು ಎದುರಿಗಿರುವವನು. ಅವನ ಬಾಯಿಂದ ಒಂದು ಹೂಂ ಬೇಕು. 'ಮಳೆ ಬಂತು ಕಣಪ್ಪ' ಎಂದರೆ ಕೇಳುವವನು ಅರಿಯ, ಇಲ್ಲವೆ ನಂಬುತ್ತಿಲ್ಲ. 'ಮಳೆ ಬಂದೇ ಬಂತು' ಎನ್ನುವಾಗ ಬಾರದೆಂದು ಇಬ್ಬರೂ ಕೈಬಿಟ್ಟಿದ್ದ ಸಂಗತಿ ಒಳಗೆ ಅಡಗಿದೆ.

ಮುಗಿಲಿನಿಂದ ಬಿದ್ದದ್ದು ಒಂದೇ ಮಳೆ. ಈ ಕಿರುಮಾತುಗಳು ಮಳೆಯ ವಿಷಯದಲ್ಲಿ ಒಂದು ಹನಿಯನ್ನೂ ಹೆಚ್ಚಿಸಲಿಲ್ಲ, ತಗ್ಗಿಸಲಿಲ್ಲ. ಅವು ಹೇಳಿದ್ದೆಲ್ಲ ಕೇಳುವವನ ಮನಸ್ಸಿನಲ್ಲಿ ಏನಿದೆಯೆಂದು ಹೇಳುವವನು ಎಣಿಸಿದ್ದಾನೋ ಅದನ್ನು. ಈ ಎಣಿಕೆ ತಪ್ಪಿದರೆ ಆಗುವ ಅನರ್ಥವನ್ನು ನೋಡಿ: ಮಳೆಯ ಸುದ್ದಿಯನ್ನು ತಂದವನಿಗೇ ತಿರುಗಿ 'ಮಳೆ ಬಂತು ಕಣಪ್ಪ' ಎಂದರೆ, 'ನಿನಗೆ ಹೇಳಿದವನು ನಾನೇ ಅಲ್ಲವೇನಯ್ಯ!' ಎಂದು ಅವನು ಮುಖ ಸಿಂಡರಿಸದೆ ಇರನು. ವಾಕ್ಯ ಸತ್ಯ, ವ್ಯಾಕರಣ ಶುದ್ಧ. ಆದರೂ ಮಾತು ಕೆಟ್ಟಿತು.

ಈಗ ಬಂಡೆಯ ಬಳಿಗೆ ಬರೋಣ. ಆಜ್ಞೆ ನೇರವಾಗಿ ಪ್ರಜೆಗಳಿಗೆ ಬಂದುದಲ್ಲ. ಸುವರ್ಣಗಿರಿಯಲ್ಲಿದ್ದ ಆರ್ಯಪುತ್ರನೂ ಮಹಾಮಾತ್ರರೂ ಇಸಿಲದ ಮಹಾಮಾತ್ರರಿಗೆ ಆರೋಗ್ಯ ಕೇಳಿ, ಆಮೇಲೆ ಅರಸನ ಮಾತನ್ನು ತಿಳಿಸುತ್ತಾರೆ. ಕಾಗದದ ಮೊದಲಿಗೆ ಕುಶಲ ಬರೆಯುವ ನಮ್ಮ ಹಿರಿಯರ ಪದ್ಧತಿ ಎಷ್ಟು ಹಳೆಯದು! ಆಮೇಲೆ ಅರಸನ ನುಡಿ: ತಾನು ಉಪಾಸಕನಾಗಿ ಎರಡೂವರೆ ವರ್ಷಕ್ಕೂ ಮಿಕ್ಕಿ ಆಯಿತು, ಒಂದು ವರ್ಷದವರೆಗೆ ತಾನು ಹೆಚ್ಚಾಗಿ ಉದ್ಯಮಿಸಲಿಲ್ಲ, ಸಂಘವನ್ನು ಸೇರಿ ಒಂದು ವರ್ಷಕ್ಕೆ ಮೇಲಾಯಿತು, ಅಂದಿನಿಂದ ಚೆನ್ನಾಗಿ ಉದ್ಯಮಿಸಿದ್ದೇನೆ ಎಂದು. ಶಾಲೆಯ ಪುಸ್ತಕಗಳು ಇದರ ಸಾರಾಂಶ ಕೊಡುವುದು ಹೆಚ್ಚುಕಡಿಮೆ ಹೀಗೆಯೇ: ಮೂರು ಸಂಗತಿ, ಮೂರು ವಾಕ್ಯ. ಮೂಲದಲ್ಲಿ ಎರಡನೆಯ ಮಾತಿಗೂ ಮೂರನೆಯ ಮಾತಿಗೂ 'ತು ಖೋ' ಎಂಬ ಜೋಡಿ ಅಂಟಿಕೊಂಡಿದೆ. 'ತು' ಎಂದರೆ ಆದರೆ. 'ಖೋ' ಎಂದರೆ ಸಂಸ್ಕೃತದ ಖಲು, ನಿಜವಾಗಿ.

ಈ ಜೋಡಿ ಏಕೆ ಬೇಕಾಯಿತು? ಎರಡೂವರೆ ವರ್ಷ ಉಪಾಸಕನಾಗಿದ್ದೆನೆಂದು ಚಕ್ರವರ್ತಿ ಹೇಳಿದೊಡನೆ ಕೇಳುವವನ ಮನಸ್ಸು ತಾನಾಗಿ ಮುಂದಕ್ಕೆ ಓಡುತ್ತದೆ: ಹಾಗಾದರೆ ಅಷ್ಟು ಕಾಲವೂ ಬಹಳ ಶ್ರದ್ಧೆಯಿಂದಿದ್ದಿರಬೇಕು ಎಂದು. ಅರಸನು ಹಾಗೆ ಹೇಳಿಲ್ಲ, ಆದರೆ ಹಾಗೆ ತಿಳಿದಾರೆಂಬುದು ಅವನಿಗೆ ಗೊತ್ತು. ಓಡುತ್ತಿರುವ ಆ ಮನಸ್ಸನ್ನು 'ತು ಖೋ' ಅಡ್ಡಗಟ್ಟುತ್ತದೆ. ನಮ್ಮ ಮಾತಿನಲ್ಲಿ ಹೇಳುವುದಾದರೆ, 'ಒಂದು ವರ್ಷ ಏನೂ ಹೆಚ್ಚು ಮಾಡಲಿಲ್ಲ ಕಣಯ್ಯ'. ಅದು ಇಲ್ಲದೆ ಹೋದರೆ ವಾಕ್ಯ ಒಂದು ವರದಿ. ಅದು ಇದ್ದರೆ ಒಪ್ಪಿಗೆ. ಕಳಿಂಗವನ್ನು ಗೆದ್ದವನು, ಯಾರೂ ಕೇಳದಿರುವಾಗ, ತಾನು ಸೋಮಾರಿಯಾಗಿದ್ದೆನೆಂದು ತನ್ನ ಅಧಿಕಾರಿಗಳ ಮೂಲಕ ದೂರದ ಗಡಿನಾಡಿನ ಜನಕ್ಕೆ ಒಪ್ಪಿಕೊಳ್ಳುತ್ತಿದ್ದಾನೆ. ಈ ಅರಸನ ಸ್ವಭಾವವನ್ನು ಕುರಿತು ಬರೆದವರು ಎಷ್ಟೋ ಮಂದಿ. ನನಗಂತೂ ಅವನ ದನಿ ಈ ಎರಡು ಪುಟ್ಟ ಮಾತುಗಳಲ್ಲಿ ಕೇಳಿದಷ್ಟು ಹತ್ತಿರದಿಂದ ಬೇರೆಲ್ಲೂ ಕೇಳಿಲ್ಲ.

ಮುಂದಿನ ಮಾತು ಇನ್ನೂ ಸ್ವಾರಸ್ಯವಾದುದು. ಇದು ಉದ್ಯಮದ ಫಲ, ದೊಡ್ಡವನಿಂದಲೇ ಪಡೆಯತಕ್ಕದ್ದಲ್ಲ; ಸಣ್ಣವನೂ ಉದ್ಯಮಿಸಿದರೆ ವಿಪುಲವಾದ ಸ್ವರ್ಗವನ್ನು ಪಡೆಯಬಹುದು ಎನ್ನುತ್ತಾನೆ. ಕನ್ನಡದಲ್ಲಿ 'ದೊಡ್ಡವನಿಂದಲೇ' ಎಂಬ ಏಕಾರ ಎಲ್ಲಿದೆಯೋ ಅಲ್ಲಿ ಮೂಲದಲ್ಲಿ 'ಏವ' ಇದೆ. 'ಸಣ್ಣವನೂ' ಎಂಬ ಊಕಾರದ ಜಾಗದಲ್ಲಿ 'ಪಿ' ಇದೆ. ಏಕಾರ ಊಕಾರಗಳನ್ನು ತೆಗೆದು ಓದಿ ನೋಡಿ, ಆಜ್ಞೆಯ ಜೀವವೇ ಹಾರಿಹೋಗುತ್ತದೆ. ಸ್ವರ್ಗವೆಂಬುದು ದೊಡ್ಡವರ ಸೊತ್ತು ಎಂದು ಕೇಳುವವರು ನಂಬಿಕೊಂಡಿದ್ದಾರೆ. ಆ ನಂಬಿಕೆಯನ್ನು ಅರಸನು ಹೆಸರಿಸಿ ಖಂಡಿಸುವುದಿಲ್ಲ. ಎರಡು ಕಿರುಮಾತುಗಳಿಂದ ಅದನ್ನು ತಳ್ಳುತ್ತಾನೆ. ಇಸಿಲದ ಸಾಮಾನ್ಯ ಜನ ಏನನ್ನು ನಂಬಿದ್ದರೆಂಬುದಕ್ಕೆ ಅವರು ಬರೆದಿಟ್ಟ ಒಂದು ಸಾಲೂ ನಮಗಿಲ್ಲ. ಅವರು ಏನನ್ನು ನಂಬಿದ್ದರೆಂದು ಅರಸನು ಎಣಿಸಿದ್ದನೆಂಬುದಕ್ಕೆ ಈ 'ಏವ', 'ಪಿ' ಸಾಕ್ಷಿ ನಿಂತಿವೆ. ಚರಿತ್ರೆಗೆ ಇದೇನು ಕಡಿಮೆಯ ಸಾಮಗ್ರಿಯಲ್ಲ.

ಇಷ್ಟಕ್ಕೆ ನಿಲ್ಲುವುದಿಲ್ಲ. ಉತ್ತರದ ರೂಪನಾಥದಲ್ಲಿಯೂ ಸಹಸ್ರಾಮದಲ್ಲಿಯೂ ಮೊದಲ ಆಜ್ಞೆ ಮಾತ್ರ ಇದೆ. ನಮ್ಮ ಈ ಮೂರು ಬಂಡೆಗಳ ಮೇಲೂ ಆಂಧ್ರದ ಎರ್ರಗುಡಿಯೇ ಮೊದಲಾದ ಕೆಲವು ದಕ್ಷಿಣದ ಊರುಗಳಲ್ಲಿಯೂ ಅದರ ಬೆನ್ನಿಗೆ ಎರಡನೆಯದೊಂದು ಬರುತ್ತದೆ. ತಂದೆತಾಯಿಗಳ ಮಾತು ಕೇಳಬೇಕು, ಪ್ರಾಣಿಗಳಲ್ಲಿ ದಯೆ ಇರಬೇಕು, ಸತ್ಯವನ್ನು ನುಡಿಯಬೇಕು, ಶಿಷ್ಯನು ಗುರುವನ್ನು ಗೌರವಿಸಬೇಕು ಎಂದು ಹೇಳಿ, ಇದು ಪುರಾತನವಾದ ನಡೆ ಎಂದು ಸೇರಿಸುತ್ತದೆ. ಮೊದಲ ಆಜ್ಞೆ ಕೇಳುವವರ ನಂಬಿಕೆಯೊಂದನ್ನು ತಿದ್ದಿತು. ಎರಡನೆಯದು ಕೇಳುವವರ ನಂಬಿಕೆಯೊಂದಕ್ಕೆ ಆತುಕೊಂಡು ನಿಂತಿತು. 'ಇದು ಹೊಸದೇನಲ್ಲ, ನಿಮ್ಮ ಅಜ್ಜಂದಿರ ಕಾಲದ್ದೇ ಅಲ್ಲವೆ' ಎಂಬ ಧಾಟಿ ಅದರದು. ಹೊಸ ನಾಡಿಗೆ ಮಾತು ಕಳಿಸುವ ಅರಸನಿಗೆ ಇವೆರಡೂ ಬೇಕಾದವೆಂದು ಕಾಣುತ್ತದೆ.

ಇನ್ನೊಂದು ಸಣ್ಣ ಸಂಗತಿ. ರೂಪನಾಥದ ಪಾಠದಲ್ಲಿ 'ತು ಖೋ' ಇರಬೇಕಾದಲ್ಲಿ 'ಚು' ಎಂಬ ಬೇರೊಂದು ಕಿರುಮಾತಿದೆ. ಒಂದೇ ಆಜ್ಞೆ ಊರೂರಿಗೆ ಹೋಗುವಾಗ ಹೆಸರು ಕ್ರಿಯೆಗಳು ಬಹುಮಟ್ಟಿಗೆ ಉಳಿದುಕೊಂಡುವು, ಕಿರುಮಾತುಗಳು ಬದಲಾದುವು. ಶಾಸನ ತನ್ನನ್ನು 'ಸಾವಣ' ಎಂದು ಕರೆದುಕೊಳ್ಳುತ್ತದೆ. ಕೇಳಿಸುವಂಥದು ಎಂದು ಅರ್ಥ. ಕಿವಿಗೆಂದು ಸಿದ್ಧವಾದ ಮಾತಿನಲ್ಲಿ ಕಿವಿಯ ಊರಿಗೆ ತಕ್ಕಂತೆ ಮೊದಲು ಬದಲಾಗುವುದು ಇವೇ.

ನಮ್ಮ ಪೂರ್ವಿಕರು ಇವನ್ನು ಕಡೆಗಣಿಸಿದ್ದರೆಂದು ಹೇಳಲಾಗದು. ಯಾಸ್ಕನ ನಿರುಕ್ತ ಪದಜಾತಿಗಳನ್ನು ನಾಲ್ಕಾಗಿ ಎಣಿಸುವಾಗ ನಿಪಾತಕ್ಕೆ ಅದರದೇ ಸ್ಥಾನ ಕೊಟ್ಟಿತು. ಆದರೆ ಆ ನಿಪಾತಗಳಲ್ಲೊಂದು ಗುಂಪಿಗೆ ಪಾದಪೂರಣ ಎಂಬ ಹೆಸರನ್ನೂ ಅದೇ ಗ್ರಂಥ ಅಂಟಿಸಿತು: ಪದ್ಯದ ಪಾದ ತುಂಬುವುದಷ್ಟೇ ಅವುಗಳ ಕೆಲಸ. ಈ ಹೆಸರು ಆಮೇಲಿನ ಸೋಮಾರಿ ವ್ಯಾಖ್ಯಾನಕಾರರಿಗೆ ಬಲು ಅನುಕೂಲವಾಯಿತು. ತಿಳಿಯದ ಮಾತೆಲ್ಲ ಪಾದಪೂರಣವೇ. ಹಾಗಿದ್ದರೂ 7ನೆಯ ಶತಮಾನದ ಬೌದ್ಧ ತಾರ್ಕಿಕ ಧರ್ಮಕೀರ್ತಿ 'ಏವ' ಎಂಬುದೊಂದನ್ನೇ ಹಿಡಿದು ನಡೆಸಿದ ವಿಚಾರಣೆಯನ್ನು ಕಂಡರೆ ಬೆರಗಾಗುತ್ತದೆ. ಅವನ ಉದಾಹರಣೆಗಳನ್ನು ಕನ್ನಡದ ಏಕಾರದಲ್ಲಿ ಹೇಳುತ್ತೇನೆ. 'ಚೈತ್ರ ಬಿಲ್ಲುಗಾರನೇ' ಎಂದರೆ, ಚೈತ್ರನ ಕೈಯಲ್ಲಿ ಬಿಲ್ಲುಂಟೋ ಇಲ್ಲವೋ ಎಂಬ ಸಂಶಯ ಕೇಳುವವನಿಗಿತ್ತು, ಅದು ಹೋಯಿತು. 'ಪಾರ್ಥನೇ ಬಿಲ್ಲುಗಾರ' ಎಂದರೆ, ಪಾರ್ಥನ ವಿಷಯದಲ್ಲಿ ಸಂಶಯವಿಲ್ಲ. ಅವನಿಗೆ ಸಮನಾದವರು ಬೇರೆ ಇದ್ದಾರೆಂದು ಕೇಳುವವನು ತಿಳಿದಿದ್ದ. 'ನೀಲಿ ತಾವರೆ ಇದ್ದೇ ಇದೆ' ಎಂದರೆ, ಅಂಥದೊಂದು ಇರಲಾರದೆಂದು ಅವನು ಎಣಿಸಿದ್ದ. ಏಕಾರ ಒಂದೇ, ಎಲ್ಲಿ ಕೂತಿತೆಂಬುದರ ಮೇಲೆ ಅದು ಅಳಿಸುವ ತಪ್ಪುತಿಳಿವು ಬೇರೆ ಬೇರೆ. ಬಾಯಿಬಿಟ್ಟು 'ಏವ' ಎನ್ನದಿದ್ದರೂ ಹೇಳುವವನ ಉದ್ದೇಶದಿಂದ ಅದು ಇದ್ದಂತೆಯೇ ಎಂದೂ ಧರ್ಮಕೀರ್ತಿ ಹೇಳಿದ. ಮಾತಿನ ಅರ್ಥ ಪೂರ್ತಿಯಾಗಲು ಕೇಳುವವನ ಮನಸ್ಸು ಬೇಕೆಂಬ ಸಂಗತಿ ಇಲ್ಲಿ ಸಾವಿರದ ಮುನ್ನೂರು ವರ್ಷದ ಹಿಂದೆಯೇ ಬೆಳಕಿಗೆ ಬಂದಿದೆ.

ಕನ್ನಡದಲ್ಲಿ 13ನೆಯ ಶತಮಾನದ ಕೇಶಿರಾಜ ಶಬ್ದಮಣಿದರ್ಪಣದ ಎಂಟು ಪ್ರಕರಣಗಳಲ್ಲೊಂದನ್ನು ಅವ್ಯಯಕ್ಕೇ ಮೀಸಲಿಟ್ಟ. ಹಳಗನ್ನಡದ ವಲಂ, ದಲ್, ಗಡ ಎಂಬುವು ನಮ್ಮ ವಿದ್ಯಾರ್ಥಿಗಳಿಗೆ ಇಂದು ಟಿಪ್ಪಣಿ ನೋಡಿ ಕಲಿಯುವ ಮಾತುಗಳು. ಒಂದು ಕಾಲಕ್ಕೆ ಅವು ಬೀದಿಯ 'ತಾನೆ', 'ಅಂತೆ'ಗಳಷ್ಟೇ ಬಿಸಿಯಾಗಿದ್ದಿರಬೇಕು. ಕೇಶಿರಾಜನು ಒಂದೊಂದಕ್ಕೆ ಒಂದೊಂದು ಅರ್ಥವನ್ನು ಗೊತ್ತುಮಾಡಿದ: ಇದು ಅವಧಾರಣೆ, ಇದು ಸಮುಚ್ಚಯ ಎಂದು. ನಮ್ಮ ಶಾಲಾ ವ್ಯಾಕರಣಗಳು ಅಲ್ಲಿಂದ ಒಂದು ಹೆಜ್ಜೆಯನ್ನೂ ಇಟ್ಟಿಲ್ಲ. ಏಕಾರ ಅವಧಾರಣಾರ್ಥಕವೆಂದು ಬರೆದ ಹುಡುಗನಿಗೆ ಅಂಕ ಬರುತ್ತದೆ. ಅವಧಾರಣೆ ಯಾರಿಗಾಗಿ, ಯಾವ ಸಂಶಯವನ್ನು ಕಳೆಯಲು ಎಂದು ಕೇಳುವ ಪ್ರಶ್ನೆಪತ್ರಿಕೆಯನ್ನು ನಾನು ಕಂಡಿಲ್ಲ.

ಕಣ್ಣೆದುರಿಗೇ ಬೆಳೆದ ಒಂದು ಕಿರುಮಾತಿನ ಕಥೆ ಇಲ್ಲಿ ಹೇಳಬೇಕು. 'ಕಾಣ್' ಎಂಬ ಧಾತುವಿನಿಂದ 'ನೋಡು' ಎಂಬರ್ಥದ 'ಕಾಣಾ' ಬಂತು. 12ನೆಯ ಶತಮಾನದ ವಚನಗಳಲ್ಲಿ ಅದು ಅಂಕಿತದ ಪಕ್ಕದಲ್ಲಿ ನಿಂತು ದೇವರ ಗಮನವನ್ನು ಸೆಳೆಯುತ್ತದೆ. ಅದು ಸವೆದು 'ಕಣಾ' ಆಯಿತು. ಇಂದು ಕಣೋ, ಕಣೇ, ಕಣಪ್ಪ, ಕಣಮ್ಮ, ಕಣ್ರೀ. ಕಣ್ಣಿನಿಂದ ನೋಡು ಎಂದದ್ದು ಮನಸ್ಸಿನಲ್ಲಿ ಇಟ್ಟುಕೋ ಎಂದಾಯಿತು. ಎದುರಿಗಿರುವುದು ಗೆಳೆಯನೋ, ಮಗಳೋ, ಹಿರಿಯರೋ ಎಂಬುದನ್ನೂ ಅದೇ ಮಾತು ಹೇಳಿಬಿಡುತ್ತದೆ. ಮೊಳಕಾಲ್ಮೂರಿನಲ್ಲಿ ಮನೆಯಲ್ಲಿ ತೆಲುಗು, ಅಂಗಡಿಯಲ್ಲಿ ಕನ್ನಡ ಆಡುವವರು ಬಹಳ. ಕನ್ನಡದ 'ಅಲ್ವಾ' ಅವರಿಗೆ ತೆಲುಗಿನ 'ಕದಾ', 'ಅಂತೆ' ಎಂಬುದು 'ಅಂಟ'. ಒಂದರಿಂದ ಇನ್ನೊಂದಕ್ಕೆ ದಾಟುವಾಗ ನಾಲಗೆ ತಡವರಿಸುವುದಿಲ್ಲ. ರೇಷ್ಮೆ ಸೀರೆ ನೇಯುವವನು 'ನೂಲು ಬಂತಂತೆ' ಎಂದುದನ್ನು ಇಂಗ್ಲಿಷಿಗೆ ತರಹೊರಟರೆ ಒಂದು ಕಿರುಮಾತಿಗೆ ಒಂದು ಇಡೀ ಉಪವಾಕ್ಯವನ್ನು ಸುರಿಯಬೇಕಾಗುತ್ತದೆ.

ಇಲ್ಲಿ ಜರ್ಮನರ ಪ್ರಸ್ತಾಪ ಬರುತ್ತದೆ, ಅದೂ ಅಕಸ್ಮಾತ್ತಾಗಿ ಅಲ್ಲ. ಅಕ್ಷರಗುಂಡಿನ ಶಾಸನವನ್ನು ರೈಸ್ ಅವರ ಶೋಧದ ಬೆನ್ನಲ್ಲೇ 'ಎಪಿಗ್ರಾಫಿಯ ಇಂಡಿಕ'ದ ಮೂರನೆಯ ಸಂಪುಟದಲ್ಲಿ ಪರಿಷ್ಕರಿಸಿ ಕೊಟ್ಟ ಬ್ಯೂಲರ್ ಜರ್ಮನ್. 1925ರಲ್ಲಿ ಅಶೋಕನ ಶಾಸನಗಳನ್ನೆಲ್ಲ ಒಂದುಗೂಡಿಸಿದ ಹುಲ್ಟ್ಶ್ ಜರ್ಮನ್. 1872ರಲ್ಲಿ ಶಬ್ದಮಣಿದರ್ಪಣವನ್ನು ಅಚ್ಚುಮಾಡಿಸಿ, 1894ರಲ್ಲಿ ನಿಘಂಟನ್ನೂ 1903ರಲ್ಲಿ ವ್ಯಾಕರಣವನ್ನೂ ಕೊಟ್ಟ ಕಿಟ್ಟೆಲ್ ಜರ್ಮನ್. ಈ ಮೂವರ ತಾಯ್ನುಡಿಯಲ್ಲಿ ನಮ್ಮಂತೆಯೇ ಕಿರುಮಾತುಗಳು ತುಂಬಿ ತುಳುಕುತ್ತವೆ. 'ಯಾ' ಎಂಬುದನ್ನು ವಾಕ್ಯದ ನಡುವೆ ಸೇರಿಸಿದರೆ, ಇದು ನಿನಗೂ ಗೊತ್ತಿರುವುದೇ ಎಂದರ್ಥ, ನಮ್ಮ 'ಬಂತಲ್ಲ'. 'ದೋಖ್' ಎಂದರೆ, ನಿನಗೆ ಗೊತ್ತು, ಆದರೆ ಈಗ ಅದನ್ನು ಮರೆತಂತೆ ನಡೆಯುತ್ತಿದ್ದೀಯೆ. ನಾವು 'ಬಂತಲ್ಲ ಮಾರಾಯ!' ಎನ್ನುತ್ತೇವೆ. 'ವೋಲ್' ಎಂದರೆ, ಹಾಗಿರಬೇಕೆಂದು ಊಹೆ. 'ಹಾಲ್ಟ್' ಎಂದರೆ, ಅದು ಹಾಗೆಯೇ, ಏನು ಮಾಡಲಾದೀತು.

ವಿದ್ವತ್ತಿಗೆ ಹೆಸರಾದ ಆ ನಾಡಿನಲ್ಲಿಯೂ ಈ ಬಡಪಾಯಿಗಳಿಗೆ ಬಹುಕಾಲ ಮರ್ಯಾದೆ ಇರಲಿಲ್ಲ. ತೇಪೆಮಾತು ಎಂದು ಅವನ್ನು ಕರೆಯುವ ರೂಢಿಯಿತ್ತು. ಲುಡ್ವಿಗ್ ರೈನರ್ಸ್ ಎಂಬ ಶೈಲಿಪಂಡಿತರು ಅವುಗಳನ್ನು ಹೇನಿಗೆ ಹೋಲಿಸಿ ಜರೆದರು. ನಮ್ಮ ಪಾದಪೂರಣಕ್ಕೆ ಸಮಾನವಾದ ಅಪವಾದ! 1969ರಲ್ಲಿ ಹಾರಾಲ್ಡ್ ವೈಡ್ಟ್ ಎಂಬವರು ಇವನ್ನೇ ಹಿಡಿದು, ಫ್ರೆಂಚ್ ಭಾಷೆ ಇದೇ ಕೆಲಸವನ್ನು ಹೇಗೆ ಮಾಡಿಕೊಳ್ಳುತ್ತದೆಂದು ತೂಗಿ ನೋಡಿ ಒಂದು ಗ್ರಂಥ ಬರೆದ ಮೇಲೆ ಗಾಳಿ ತಿರುಗಿತು. ಅದೇ ಸುಮಾರಿಗೆ ತತ್ತ್ವಶಾಸ್ತ್ರದವರು ಇನ್ನೊಂದು ಕಡೆಯಿಂದ ಇದೇ ಬಾಗಿಲಿಗೆ ಬಂದರು. ಮಾತಾಡುವ ಇಬ್ಬರ ನಡುವೆ ಇಬ್ಬರೂ ಒಪ್ಪಿ ನಿಂತಿರುವ ಒಂದು ಸಾಮಾನ್ಯ ನೆಲವಿದೆ, ಪ್ರತಿಯೊಂದು ಮಾತೂ ಆ ನೆಲವನ್ನು ಅಷ್ಟಿಷ್ಟು ವಿಸ್ತರಿಸುತ್ತದೆ ಎಂದು ಅಮೆರಿಕದ ರಾಬರ್ಟ್ ಸ್ಟಾಲ್ನೇಕರ್ 1970ರ ದಶಕದಲ್ಲಿ ಪ್ರತಿಪಾದಿಸಿದರು. ಒಪ್ಪುವುದೆಂದರೆ ಇಬ್ಬರಿಗೂ ತಿಳಿದಿದ್ದರೆ ಸಾಲದು. ನನಗೆ ತಿಳಿದಿದೆಯೆಂದು ನಿನಗೂ, ನಿನಗೆ ತಿಳಿದಿದೆಯೆಂದು ನನಗೂ ತಿಳಿದಿರಬೇಕು. ಕನ್ನಡಿಗೆ ಕನ್ನಡಿ ಹಿಡಿದ ಹಾಗೆ ಇದು ಹೋಗುತ್ತಲೇ ಇರುತ್ತದೆ. ಹಳ್ಳಿಯಾತ 'ಗೊತ್ತಲ್ಲ' ಎಂದು ಮೂರಕ್ಷರದಲ್ಲಿ ಅದನ್ನು ಮುಗಿಸಿಬಿಡುತ್ತಾನೆ.

ಇಷ್ಟರ ತನಕ ಇದು ಪಂಡಿತರ ವಿನೋದವಾಗಿತ್ತು. ಯಂತ್ರ ಬಂದ ಮೇಲೆ ವಿನೋದ ಅವಶ್ಯಕತೆಯಾಯಿತು. 1993ರಿಂದ 2000ದವರೆಗೆ ಜರ್ಮನ್ ಸರ್ಕಾರದ ಬೆಂಬಲದಿಂದ ವೆರ್ಬ್‌ಮೊಬಿಲ್ ಎಂಬ ದೊಡ್ಡ ಯೋಜನೆ ನಡೆಯಿತು. ಜರ್ಮನರು, ಇಂಗ್ಲಿಷರು, ಜಪಾನಿಯರು ಭೇಟಿಯ ದಿನ ಗೊತ್ತುಮಾಡುವ ಮಾತನ್ನು ಕಂಪ್ಯೂಟರು ಕೇಳಿ ಅನುವಾದಿಸಬೇಕೆಂಬುದು ಗುರಿ. ಜನ ಪುಸ್ತಕದ ಭಾಷೆಯಲ್ಲಿ ದಿನ ಗೊತ್ತುಮಾಡುವುದಿಲ್ಲವಷ್ಟೆ. ಯಾ, ದೋಖ್‌ಗಳು ಮಳೆಗರೆದವು. ಹೌದು ಎಂಬ ಉತ್ತರವೂ 'ಯಾ', ನಿನಗೂ ಗೊತ್ತಲ್ಲ ಎಂಬುದೂ 'ಯಾ'. ಯಾವುದು ಯಾವುದೆಂದು ಯಂತ್ರಕ್ಕೆ ಹೇಳುವವರು ಯಾರು? ಆ ಕೆಲಸದಿಂದ ಹೊರಟ ವಿಚಾರಗಳನ್ನು ಮಾನ್ಫ್ರೆಡ್ ಶ್ಟೇಡೆ, ಬಿರ್ಟೆ ಶ್ಮಿಟ್ಸ್ 2000ದಲ್ಲಿ ಪ್ರಕಟಿಸಿದರು. 2004ರಲ್ಲಿ ಎಲೆನಾ ಕರಗ್ಯೋಸೋವಾ ಎಂಬವರು ಸಾರ್‌ಬ್ರೂಕನ್ನಿನಲ್ಲಿ ಜರ್ಮನ್ ಕಿರುಮಾತುಗಳನ್ನು ಹೇಳುವವನ ನಂಬಿಕೆ, ಕೇಳುವವನ ನಂಬಿಕೆ, ಇಬ್ಬರ ಸಾಮಾನ್ಯ ನೆಲ ಎಂಬ ಲೆಕ್ಕಕ್ಕೆ ಇಳಿಸಿ ಪ್ರಬಂಧ ಬರೆದರು. ಮಂಡಿಯ ಗುಮಾಸ್ತನ ಖಾತೆ ಪುಸ್ತಕದ ಹಾಗೆ ಇದು. ಇಬ್ಬರೂ ಒಪ್ಪಿದ ಬಾಬ್ತು ಒಂದು ಪುಟದಲ್ಲಿ, ನನ್ನದು ಒಂದರಲ್ಲಿ, ನಿನ್ನದೆಂದು ನಾನು ಎಣಿಸಿದ್ದು ಇನ್ನೊಂದರಲ್ಲಿ; ಯಾವ ಪುಟದಲ್ಲಿ ಬರೆಯಬೇಕೆಂದು ಕಿರುಮಾತು ಹೇಳುತ್ತದೆ.

ಕನ್ನಡಕ್ಕೆ ಈ ತೊಡಕು ಇನ್ನೂ ಹೆಚ್ಚು. 'ಅವನು ತಾನೇ ಬಂದ' ಎಂಬಲ್ಲಿಯ 'ತಾನೇ' ಬೇರೆ, 'ಬಂದವನು ಅವನು ತಾನೆ' ಎಂಬಲ್ಲಿಯದು ಬೇರೆ. 'ಹೇಳಿದಂತೆ ಮಾಡಿದ' ಎಂಬಲ್ಲಿಯ 'ಅಂತೆ' ಹೋಲಿಕೆ, 'ಹೇಳಿದನಂತೆ' ಎಂಬಲ್ಲಿಯದು ವದಂತಿ. 'ಅಲ್ಲ' ಒಮ್ಮೆ ನಿಷೇಧ, ಒಮ್ಮೆ ಜ್ಞಾಪನೆ. ಇದನ್ನು ನಮ್ಮವರು ಗಮನಿಸದೆ ಇರಲಿಲ್ಲ. 1980ರ ದಶಕದಲ್ಲಿ ಕಾನ್ಪುರದ ಐ.ಐ.ಟಿ.ಯಲ್ಲಿ ಮೊದಲಾದ 'ಅನುಸಾರಕ'ವೆಂಬ ಯಂತ್ರಾನುವಾದದ ಮೊದಲ ಜೋಡಿಗಳಲ್ಲಿ ಕನ್ನಡ-ಹಿಂದಿಯೂ ಒಂದು. ವಿನೀತ ಚೈತನ್ಯ, ರಾಜೀವ ಸಂಗಲ್ ಮೊದಲಾದವರಿದ್ದ ಅಕ್ಷರಭಾರತಿ ಎಂಬ ಆ ತಂಡದ ಒಂದು ನಿಯಮ ನನಗೆ ಬಹಳ ಹಿಡಿಸಿತು: ಹಿಂದಿ ಒರಟಾದರೂ ಆಗಲಿ, ಮೂಲದಲ್ಲಿದ್ದ ಸಂಗತಿ ಕಳೆದುಹೋಗಬಾರದು. ಏಕಾರಕ್ಕೆ 'ಹೀ', ಊಕಾರಕ್ಕೆ 'ಭೀ' ಹಿಂದಿಯಲ್ಲಿ ಸಿದ್ಧವಾಗಿಯೇ ಇದ್ದುದರಿಂದ ಅಷ್ಟರ ಮಟ್ಟಿಗೆ ಕೆಲಸ ಸುಗಮ.

ಇಂದಿನ ಯಂತ್ರಗಳ ನೀತಿ ಬೇರೆ. ಅವಕ್ಕೆ ಯಾರೂ ಖಾತೆ ಪುಸ್ತಕ ಬರೆದುಕೊಟ್ಟಿಲ್ಲ. ಕೋಟ್ಯಂತರ ವಾಕ್ಯಗಳನ್ನು ಉಂಡು ಅವು ನುಣುಪಾಗಿ ಮಾತಾಡುತ್ತವೆ. ಕನ್ನಡದ ಬೀದಿಮಾತನ್ನು ಬರೆದಿಟ್ಟವರು ಕಡಿಮೆಯಾದುದರಿಂದ ಅವು ಉಂಡ ಕನ್ನಡವೆಲ್ಲ ಹೆಚ್ಚಾಗಿ ಗ್ರಾಂಥಿಕ. ಮೇಲೆ ಹೇಳಿದ ಮಳೆಯ ಐದು ವಾಕ್ಯಗಳನ್ನು ಅಂಥದೊಂದು ಅನುವಾದಯಂತ್ರಕ್ಕೆ ಕೊಟ್ಟು ನೋಡಿದೆ. ಮೂರು ಒಂದೇ ಇಂಗ್ಲಿಷ್ ವಾಕ್ಯವಾಗಿ ಹೊರಬಿದ್ದುವು. ನುಣುಪಾಗಿತ್ತು, ಅದೇ ಅಪಾಯ. ಅನುಸಾರಕದ ಒರಟು ಹಿಂದಿಯನ್ನು ಓದಿದವನಿಗೆ ಇಲ್ಲೇನೋ ಇದೆಯೆಂದಾದರೂ ತಿಳಿಯುತ್ತಿತ್ತು.

ಇದನ್ನು ಪಂಡಿತರ ಗೋಳೆಂದು ತಳ್ಳಿಹಾಕುವವರಿಗೆ ಒಂದು ಮಾತು. ಹಟ್ಟಿಯ ಅಜ್ಜಿಯೊಬ್ಬಳು ಮೊಮ್ಮಗುವನ್ನು ಎತ್ತಿಕೊಂಡು ಬಂದು, ಕನ್ನಡ ಬಾರದ ವೈದ್ಯರಿಗೆ ಫೋನಿನ ಅನುವಾದದ ಮೂಲಕ 'ಬೆಳಿಗ್ಗೆ ಮಾತ್ರೆ ನುಂಗೈತಂತೆ' ಎನ್ನುತ್ತಾಳೆಂದು ಇಟ್ಟುಕೊಳ್ಳಿ. ಆ 'ಅಂತೆ' ಅನುವಾದದಲ್ಲಿ ಬಿದ್ದುಹೋದರೆ, ಅಜ್ಜಿ ಕಣ್ಣಾರೆ ಕಂಡದ್ದೆಂದು ವೈದ್ಯರು ಬರೆದುಕೊಳ್ಳುತ್ತಾರೆ. ಕಂಡವಳು ಹೊಲಕ್ಕೆ ಹೋಗಿರುವ ಸೊಸೆ. ಅವಳನ್ನು ಕೇಳಬೇಕೆಂಬುದೇ ಯಾರಿಗೂ ಹೊಳೆಯುವುದಿಲ್ಲ. ನ್ಯಾಯಾಲಯದ ಮಾತೂ ಹೀಗೆಯೇ. 1872ರ ಸಾಕ್ಷ್ಯ ಅಧಿನಿಯಮವೂ, 2024ರ ಜುಲೈ 1ರಿಂದ ಅದರ ಸ್ಥಾನಕ್ಕೆ ಬಂದಿರುವ ಭಾರತೀಯ ಸಾಕ್ಷ್ಯ ಅಧಿನಿಯಮವೂ ಬಾಯಿಮಾತಿನ ಸಾಕ್ಷ್ಯ ನೇರವಾಗಿರಬೇಕು, ಕಂಡದ್ದನ್ನು ಕಂಡವನೇ ಹೇಳಬೇಕು ಎನ್ನುತ್ತವೆ. ಕಂಡದ್ದಕ್ಕೂ ಕೇಳಿದ್ದಕ್ಕೂ ಗೆರೆ ಎಳೆಯಲು ಕನ್ನಡಿಗನಿಗೆ ವಕೀಲರು ಬೇಕಿಲ್ಲ. ಕ್ರಿಯಾಪದದ ಬಾಲದಲ್ಲಿಯೇ ಅದಿದೆ. ಅದನ್ನು ಕತ್ತರಿಸಿ ಬೇರೊಂದು ಭಾಷೆಯಲ್ಲಿ ದಾಖಲೆ ಮಾಡಿದರೆ ಬಡವನ ಬಾಯಲ್ಲಿ ಅವನಾಡದ ಮಾತನ್ನು ಇಟ್ಟಂತೆ.

ಈ ಸೀಮೆಯ ಗೊಲ್ಲರ ಹಟ್ಟಿಗಳಲ್ಲಿ, ಮ್ಯಾಸನಾಯಕರ ಹಟ್ಟಿಗಳಲ್ಲಿ ವೀರರ ಕಥೆಗಳನ್ನು ಹಾಡಿ ಹೇಳುವ ವಾಡಿಕೆಯುಂಟು. ಕಥೆ ಹೇಳುವಲ್ಲಿ ಹೂಂಗುಟ್ಟುವವರೊಬ್ಬರು ಬೇಕು. ಹೂಂ ನಿಂತಿತೆಂದರೆ ಕಥೆ ನಿಂತಿತು. ಹೇಳುವವನು ಹಿಂದಿನ ಮಾತನ್ನು ಮತ್ತೆ ಹೇಳುತ್ತಾನೆ, ಇಲ್ಲವೆ 'ಕೇಳ್ತಿದೀರಿ ತಾನೆ?' ಎನ್ನುತ್ತಾನೆ. ಹರ್ಬರ್ಟ್ ಕ್ಲಾರ್ಕ್ ಮೊದಲಾದ ಮನಶ್ಶಾಸ್ತ್ರಜ್ಞರು 1980ರ ದಶಕದಿಂದೀಚೆಗೆ ಸಂಭಾಷಣೆಯನ್ನು ತುಣುಕು ತುಣುಕಾಗಿ ಬಿಡಿಸಿ ತೋರಿಸಿದ್ದು ಇದನ್ನೇ: ಒಬ್ಬನು ಆಡಿದೊಡನೆ ಮಾತು ಸಾಮಾನ್ಯ ನೆಲಕ್ಕೆ ಸೇರುವುದಿಲ್ಲ, ಇನ್ನೊಬ್ಬನು ಹೂಂ ಎಂದ ಮೇಲೆ ಸೇರುತ್ತದೆ.

ಬಂಡೆಗೆ ಮಾತ್ರ ಹೂಂ ಕೇಳಿಸುವುದಿಲ್ಲ. ಅದಕ್ಕಾಗಿಯೇ ಇಸಿಲದ ಮಹಾಮಾತ್ರರ ಕೆಲಸ ಓಲೆಕಾರರ ಕೆಲಸಕ್ಕಿಂತ ಕಠಿಣವಾಗಿದ್ದಿರಬೇಕೆಂದು ನನಗೆ ತೋರುತ್ತದೆ. ಪ್ರಾಕೃತದಲ್ಲಿ ಬಂದ ಮಾತನ್ನು ಈ ಬೆಟ್ಟದ ಬುಡದಲ್ಲಿ ನೆರೆದ ಜನಕ್ಕೆ ಅವರು ಹೇಳಬೇಕು. ಉಪಾಸಕ, ಸಂಘ, ಸ್ವರ್ಗ ಎಂಬ ದೊಡ್ಡ ಶಬ್ದಗಳನ್ನು ಇದ್ದ ಹಾಗೆಯೇ ಎತ್ತಿಕೊಡಬಹುದು. ಎಲ್ಲ ಭಾಷೆಗಳೂ ಅಂಥವನ್ನು ಸಾಲ ಪಡೆಯುತ್ತವೆ. 'ತು ಖೋ' ಎಂಬುದನ್ನು ಹಾಗೆ ಎತ್ತಿಕೊಡಲು ಬರುವುದಿಲ್ಲ. ಎದುರಿಗೆ ಕುಳಿತವರ ಮುಖ ನೋಡಿ, ಅವರೇನೆಂದುಕೊಂಡರೆಂದು ಊಹಿಸಿ, ಅವರ ನುಡಿಯಲ್ಲಿಯೇ ಅದಕ್ಕೆ ಸಾಟಿಯಾದುದನ್ನು ಹುಡುಕಬೇಕು.

ಕಡೆಯದಾಗಿ ಶಾಸನವನ್ನು ಬರೆದವನ ವಿಚಾರ. ಅವನ ಹೆಸರು ಚಪಡ. ಬ್ರಾಹ್ಮಿಯಲ್ಲಿ ಎಡದಿಂದ ಬಲಕ್ಕೆ ಅರಸನ ಮಾತನ್ನೆಲ್ಲ ಬರೆದು, ತನ್ನ ಹೆಸರನ್ನೂ ಅದೇ ಲಿಪಿಯಲ್ಲಿ ಹೇಳಿ, 'ಲಿಪಿಕರೇಣ' ಎಂಬ ಒಂದೇ ಒಂದು ಪದವನ್ನು ಮಾತ್ರ ಅವನು ವಾಯವ್ಯ ಗಡಿನಾಡಿನ ಖರೋಷ್ಠಿಯಲ್ಲಿ, ಬಲದಿಂದ ಎಡಕ್ಕೆ ಕೊರೆದ. ಅರಸನ ಒಂದೊಂದು ಕಿರುಮಾತೂ ಕೇಳುವವರ ಮನಸ್ಸನ್ನು ನೋಡಿಕೊಂಡು ಹೊರಟದ್ದು. ಈ ಒಂದು ಪದದಲ್ಲಿ ಚಪಡ ಯಾರ ಮುಖವನ್ನೂ ನೋಡಿದಂತೆ ಕಾಣುವುದಿಲ್ಲ. ಖರೋಷ್ಠಿಯನ್ನು ಓದಬಲ್ಲವನು ಚಿನ್ನಹಗರಿಯ ದಂಡೆಯಲ್ಲಿ ಅವನ ಹೊರತು ಯಾರಿದ್ದನು?